ಹೂಳಿಟ್ಟ ಹೊಗೆಗೆ ಕಾವಲು ಯಾರು?

ಮುಂಬಯಿಗೆ ಬಂದು ನೆಲೆಸಿದ ನಾವು ಈ ಮಹಾನಗರವನ್ನು ಚೆನ್ನಾಗಿ ಬಲ್ಲೆವೆಂದು ಹೇಳಿಕೊಳ್ಳುತ್ತೇವೆ. ಲೋಕಲ್ ಗಾಡಿಯ ಯಾವ ಡಬ್ಬಿಯಲ್ಲಿ ನಿಂತರೆ ದಾದರಿನಲ್ಲಿ ಸೇತುವೆಯ ಮೆಟ್ಟಿಲಿನ ಎದುರಿಗೇ ಇಳಿಯಬಹುದು, ಮಾಟುಂಗದ ಮಾರುಕಟ್ಟೆಯಲ್ಲಿ ಮಲ್ಲಿಗೆ ಯಾವ ಹೊತ್ತಿಗೆ ಅಗ್ಗವಾಗುತ್ತದೆ, ಮಳೆಗಾಲದಲ್ಲಿ ಯಾವ ರಸ್ತೆ ಮೊದಲು ಮುಳುಗುತ್ತದೆ ಎಂಬುದೆಲ್ಲ ನಮಗೆ ಕರತಲಾಮಲಕ. ಆದರೆ ಇದೆಲ್ಲ ಊರಿನ ಮೇಲ್ಮೈಯ ಜ್ಞಾನ. ಕಾಲಡಿಯಲ್ಲಿ ಏನಿದೆ ಎಂದು ಯಾರಾದರೂ ಕೇಳಿದರೆ, "ಗಟಾರ ಇದೆ, ನೀರಿನ ಪೈಪಿದೆ, ಈಗೀಗ ಮೆಟ್ರೋ ರೈಲೂ ಇದೆ" ಎಂದು ಹೇಳಿ ಸುಮ್ಮನಾಗುತ್ತೇವೆ.

ಕಾಲಡಿಯಲ್ಲಿರುವುದು ಕರಿಗಲ್ಲು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿಯ ಬಿರುಕುಗಳಿಂದ ಉಕ್ಕಿದ ಲಾವಾರಸ ಪದರ ಪದರವಾಗಿ ಹರಿದು, ಆರಿ, ಗಟ್ಟಿಯಾಗಿ ದಖನ್ನಿನ ಕಪ್ಪುಶಿಲೆಯಾಯಿತು. ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರು ನೆಲದ ಮೇಲೆ ಅದು ಹಾಸಿಕೊಂಡಿದೆ. ಅಂಧೇರಿಯಲ್ಲಿ ಸುಮಾರು 200 ಅಡಿ ಎತ್ತರಕ್ಕೆ ಸೆಟೆದು ನಿಂತ ಗಿಲ್ಬರ್ಟ್ ಹಿಲ್ ಅದೇ ಕಲ್ಲು. ಕಾನ್ಹೇರಿಯ ಬೌದ್ಧ ಗುಹೆಗಳನ್ನೂ, ಎಲಿಫೆಂಟಾ ಎಂದು ಹೆಸರಾದ ಘಾರಾಪುರಿಯ ಮಹೇಶಮೂರ್ತಿಯನ್ನೂ ಕಡೆದದ್ದು ಅದೇ ಕಲ್ಲಿನಲ್ಲಿ. ಪಶ್ಚಿಮಕ್ಕೆ ಹೋದರೆ, ಸಮುದ್ರತಳದ ಕೆಳಗೆ ಸುಣ್ಣಕಲ್ಲು, ಜೇಡಿ, ಮರಳುಗಲ್ಲುಗಳ ಪದರಗಳು ಸಾವಿರಾರು ಮೀಟರು ದಪ್ಪಕ್ಕೆ ಪೇರಿಕೊಂಡಿವೆ. 1974ರಲ್ಲಿ 'ಸಾಗರ್ ಸಾಮ್ರಾಟ್' ಎಂಬ ಕೊರೆಯುವ ನೌಕೆ ದಡದಿಂದ ಸುಮಾರು 160 ಕಿಲೋಮೀಟರು ದೂರದಲ್ಲಿ ಆ ಪದರಗಳೊಳಗೆ ಎಣ್ಣೆಯನ್ನು ಕಂಡಿತು. ಅದೇ ಬಾಂಬೆ ಹೈ. 1976ರಿಂದ ಅಲ್ಲಿ ಎಣ್ಣೆ ಬರತೊಡಗಿತು.

ಇಷ್ಟು ಕಾಲ ಈ ಆಳದಿಂದ ನಾವು ತೆಗೆದುಕೊಂಡದ್ದೇ ಆಯಿತು. ಈಗ ವಿಜ್ಞಾನಿಗಳು ಕೇಳುತ್ತಿರುವುದು ತಿರುಗಿ ಕೊಡುವ ಮಾತು. ಕಲ್ಲಿದ್ದಲು, ಎಣ್ಣೆಗಳನ್ನು ಉರಿಸಿದಾಗ ಹುಟ್ಟುವ ಇಂಗಾಲದ ಡೈಆಕ್ಸೈಡನ್ನು ಚಿಮಣಿಯ ಬಾಯಲ್ಲೇ ಹಿಡಿದು, ಒತ್ತಿ, ನೆಲದಾಳದ ಉಪ್ಪುನೀರು ತುಂಬಿದ ಬಂಡೆಗಳಲ್ಲೋ ಕರಿಗಲ್ಲಿನ ಪದರಗಳಲ್ಲೋ ಹೂಳಿಡಬಹುದೇ? ಈ ಅನಿಲವನ್ನು ಹಿಡಿಯುವ, ಬಳಸುವ ವಿದ್ಯೆಗಾಗಿ 2022ರಲ್ಲಿ ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಎರಡು ರಾಷ್ಟ್ರೀಯ ಕೇಂದ್ರಗಳನ್ನು ಆರಿಸಿತು. ಒಂದು ನಮ್ಮ ಪವಾಯಿಯ ಐ.ಐ.ಟಿ.ಯಲ್ಲಿ, ಇನ್ನೊಂದು ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ. ಒಂದು ನಾವು ದುಡಿದುಣ್ಣುವ ಊರು, ಇನ್ನೊಂದು ನಮ್ಮ ನಾಡಿನ ರಾಜಧಾನಿ. ಆದುದರಿಂದ ಈ ವಿಷಯ ನಮ್ಮ ಪತ್ರಿಕೆಯ ಓದುಗ ಬಂಧುಗಳಿಗೆ ಹೊರಗಿನದೆಂದು ನಮಗೆ ತೋರುವುದಿಲ್ಲ.

ಹೊರಗಿನದಲ್ಲ ಎನ್ನುವುದಕ್ಕೆ ಇನ್ನೂ ಒಂದು ಕಾರಣವುಂಟು. ನಮ್ಮ ಹಿರಿಯರು ಊರು ಬಿಟ್ಟು ಬಂದದ್ದೇ ಹೊಗೆಯ ಆಸರೆಗೆ. ಲಾಲಬಾಗ್-ಪರೇಲದ ಗಿರಣಿಗಳ ಚಿಮಣಿ, ಹೋಟೆಲುಗಳ ಹಿತ್ತಿಲಲ್ಲಿ ಉರಿದ ಕಲ್ಲಿದ್ದಲಿನ ಒಲೆ, 1950ರ ದಶಕದಲ್ಲಿ ಮಾಹುಲದಲ್ಲಿ ತಲೆಯೆತ್ತಿದ ಎಣ್ಣೆ ಶುದ್ಧೀಕರಣ ಕಾರಖಾನೆಗಳು, ಟ್ರಾಂಬೆಯ ಉಷ್ಣವಿದ್ಯುತ್ ಸ್ಥಾವರ, ರಸಗೊಬ್ಬರದ ಕಾರಖಾನೆ — ಇವುಗಳ ಗೇಟಿನೊಳಗೆ ಟಿಫಿನ್ ಡಬ್ಬಿ ಹಿಡಿದು ಹೋದ ಕನ್ನಡಿಗರೆಷ್ಟು ಮಂದಿ! ಆ ಸಂಬಳದಿಂದಲೇ ಊರಿಗೆ ಮನಿಯಾರ್ಡರ್ ಹೋಯಿತು, ತಂಗಿಯರ ಮದುವೆಯಾಯಿತು, ಮಕ್ಕಳು ಎಂಜಿನಿಯರರಾದರು. ಹೊಗೆಯನ್ನು ಬೈಯುವ ಮೊದಲು ಅದರ ಉಪ್ಪುಂಡದ್ದನ್ನು ನೆನೆಯುವುದು ನ್ಯಾಯ.

ಆದರೆ ಲೆಕ್ಕ ಬರೆದಿಟ್ಟವನು ಒಂದು ದಿನ ಕೇಳಿಯೇ ಕೇಳುತ್ತಾನೆ. ಯಂತ್ರಯುಗಕ್ಕೆ ಮೊದಲು ಹತ್ತು ಲಕ್ಷ ಪಾಲು ಗಾಳಿಯಲ್ಲಿ ಈ ಅನಿಲ ಸುಮಾರು 280 ಪಾಲಿತ್ತು. ಈಗ 420ನ್ನು ದಾಟಿದೆ. 2005ರ ಜುಲೈ 26ನ್ನು ಮುಂಬಯಿಯವರು ಯಾರೂ ಮರೆತಿಲ್ಲ. ಸಾಂತಾಕ್ರೂಜಿನಲ್ಲಿ ಒಂದೇ ದಿನದಲ್ಲಿ 944 ಮಿಲಿಮೀಟರು ಮಳೆ ಸುರಿದು, ಆಫೀಸಿಗೆ ಹೋದವರು ಮರುದಿನ ಎದೆಮಟ್ಟದ ನೀರಿನಲ್ಲಿ ಮನೆ ಸೇರಿದರು. ಆ ಒಂದು ಮಳೆಯನ್ನು ಈ ಅನಿಲದ ತಲೆಗೇ ಕಟ್ಟುವುದು ಸರಿಯಲ್ಲ. ಆದರೆ ಗಾಳಿ ಬಿಸಿಯಾದಷ್ಟೂ ಅದು ಹೆಚ್ಚು ನೀರಾವಿಯನ್ನು ಹೊರಬಲ್ಲದು, ಹೊತ್ತದ್ದನ್ನು ಒಮ್ಮೆಗೇ ಸುರಿಸಲೂಬಲ್ಲದು ಎಂಬುದು ಭೌತಶಾಸ್ತ್ರದ ಸರಳ ಪಾಠ. ತಗ್ಗಿನಲ್ಲಿ ಮನೆ ಮಾಡಿದವರಿಗೆ ಅದು ಬರಿಯ ಪಾಠವಾಗಿ ಉಳಿಯುವುದಿಲ್ಲ.

ಇಂಗಾಲದ ಡೈಆಕ್ಸೈಡ್ ಎಂಬ ಉದ್ದನೆಯ ಹೆಸರಿಗೆ ಯಾರೂ ಹೆದರಬೇಕಾಗಿಲ್ಲ. ನಮ್ಮ ಹಳೆಯ ಶಾಲಾಪುಸ್ತಕಗಳಲ್ಲಿ ಅದು ಇಂಗಾಲಾಮ್ಲವಾಗಿತ್ತು. ಉದ್ದು-ಅಕ್ಕಿ ರುಬ್ಬಿಟ್ಟ ಹಿಟ್ಟು ಬೆಳಗಿನೊಳಗೆ ಪಾತ್ರೆಯ ಕಂಠಕ್ಕೇರುವುದು ಅದರಿಂದಲೇ. ಅಂದಮೇಲೆ ಮುಂಬಯಿಯ ಉಡುಪಿ ಹೋಟೆಲುಗಳಿಗೆ ಅದು ನಿತ್ಯದ ಕೂಲಿಯಾಳು. ಈ ಹಿಟ್ಟಿನ ಅನಿಲ ಬೆಳೆ ಗಾಳಿಯಿಂದ ಹೀರಿದ್ದೇ ತಿರುಗಿ ಗಾಳಿಗೆ ಹೋಗುವಂಥದ್ದು. ಅದರಿಂದ ಲೆಕ್ಕ ಕೆಡುವುದಿಲ್ಲ. ಕೆಡುವುದು, ಕೋಟ್ಯಂತರ ವರ್ಷ ನೆಲದಡಿಯಲ್ಲಿದ್ದ ಇಂಗಾಲವನ್ನು ಅಗೆದು ಉರಿಸಿದಾಗ. ಗೋಲಿ ಸೋಡಾದ ಬುರುಗೂ ಇದೇ ಅನಿಲ. ಒತ್ತಡದಲ್ಲಿ ನೀರಿನೊಳಗೆ ಅಡಗಿದ್ದು, ಗೋಲಿಯನ್ನು ಒತ್ತಿದೊಡನೆ 'ಬುಸ್' ಎಂದು ಹೊರಗೆ ಬರುತ್ತದೆ. ಮೂರನೆಯದು ಸುಣ್ಣ. ಕರಾವಳಿಯಲ್ಲಿ ಚಿಪ್ಪನ್ನು ಸುಣ್ಣದ ಗೂಡಿನಲ್ಲಿ ಸುಟ್ಟಾಗ ಅದರೊಳಗಿನ ಇಂಗಾಲಾಮ್ಲ ಹಾರಿಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಅದನ್ನು ನೀರಿನಲ್ಲಿ ಅರಳಿಸಿ ಗೋಡೆಗೆ ಬಳಿದರೆ, ಗಾಳಿಯಿಂದ ಅದೇ ಇಂಗಾಲಾಮ್ಲವನ್ನು ಮರಳಿ ಹೀರಿ, ದಿನಗಳೆದಂತೆ ಮತ್ತೆ ಕಲ್ಲಾಗುತ್ತದೆ. ಹಿಟ್ಟು, ಸೋಡಾ, ಸುಣ್ಣ — ಈ ಮೂರನ್ನು ಬಲ್ಲವರಿಗೆ ಮುಂದಿನ ಮಾತು ಕಷ್ಟವಾಗದು.

ನಮ್ಮ ಅಕ್ಕನ ಮಗಳೊಬ್ಬಳು ಭೂವಿಜ್ಞಾನ ಓದಿದವಳು. ಒಂದು ಭಾನುವಾರ ಚೆಂಬೂರಿನ ನಮ್ಮ ಮನೆಗೆ ಊಟಕ್ಕೆ ಬಂದವಳು, ನಾವೂ ನೆರೆಯವರೂ ಕೇಳಿದ ಪ್ರಶ್ನೆಗಳಿಗೆ ಸಂಜೆಯವರೆಗೆ ಉತ್ತರ ಹೇಳಬೇಕಾಯಿತು. "ನೆಲದಡಿಯಲ್ಲಿ ದೊಡ್ಡ ಗುಹೆಯಿದೆ, ಅದರಲ್ಲಿ ಹೊಗೆ ತುಂಬುತ್ತಾರೆ ಅಂತ ತಿಳಿಯಬೇಡಿ, ಮಾವ" ಎಂದೇ ಅವಳು ಶುರುಮಾಡಿದಳು. "ಗುಹೆ ಇಲ್ಲ. ಕಲ್ಲೇ ಇರುವುದು. ಆದರೆ ಮರಳುಗಲ್ಲನ್ನು ಭೂತಗನ್ನಡಿಯಲ್ಲಿ ನೋಡಿದರೆ ಇಡ್ಲಿಯ ಹಾಗೆ ಸಣ್ಣ ಸಣ್ಣ ರಂಧ್ರ. ಆ ರಂಧ್ರಗಳಲ್ಲಿ ಹಳೆಯ ಕಾಲದ ಉಪ್ಪುನೀರು ತುಂಬಿಕೊಂಡಿರುತ್ತದೆ. ಕುಡಿಯಲಿಕ್ಕೂ ಬಾರದು, ಗದ್ದೆಗೂ ಬಾರದು. ಅನಿಲವನ್ನು ಅಲ್ಲಿಗೆ ಒತ್ತಿ ಕಳಿಸುವುದು."

ಆಳ ಬೇಕೆನ್ನುವುದಕ್ಕೂ ಕಾರಣವಿದೆ. ಸುಮಾರು 800 ಮೀಟರಿಗಿಂತ ಕೆಳಗೆ ಮೇಲಿನ ನೀರು-ಕಲ್ಲುಗಳ ಭಾರದಿಂದ ಒತ್ತಡ ಎಷ್ಟಿರುತ್ತದೆಂದರೆ, ಅನಿಲ ಅನಿಲವಾಗಿ ಉಳಿಯುವುದಿಲ್ಲ. 31 ಡಿಗ್ರಿಗಿಂತ ಹೆಚ್ಚಿನ ಬಿಸಿ, ವಾಯುಮಂಡಲದ ಒತ್ತಡದ 73 ಪಟ್ಟಿಗಿಂತ ಹೆಚ್ಚಿನ ಒತ್ತಡ — ಇವೆರಡೂ ಕೂಡಿದಾಗ ಅದು ದ್ರವದಂತೆ ಸಾಂದ್ರವಾಗಿ, ನೂರಾರು ಪಟ್ಟು ಕುಗ್ಗಿ, ಸ್ವಲ್ಪ ಜಾಗದಲ್ಲಿ ಬಹಳ ಹಿಡಿಸುತ್ತದೆ. ಆದರೂ ಉಪ್ಪುನೀರಿಗಿಂತ ಹಗುರವಾದ್ದರಿಂದ ಮೇಲಕ್ಕೇರಲು ನೋಡುತ್ತದೆ. ಹೀಗಾಗಿ ಮರಳುಗಲ್ಲಿನ ಮೇಲೆ ಜೇಡಿಗಲ್ಲಿನಂಥ ಬಿಗಿಯಾದ ಮುಚ್ಚಳ ಇರಲೇಬೇಕು. ಇದು ಮೊದಲನೆಯ ಬೀಗ. ಬಟ್ಟೆಯನ್ನು ಎಷ್ಟು ಹಿಂಡಿದರೂ ಒಂದಿಷ್ಟು ನೀರು ಉಳಿಯುವಂತೆ, ಸಾಗುವ ದಾರಿಯ ರಂಧ್ರಗಳಲ್ಲಿ ಹನಿಹನಿಯಾಗಿ ಸಿಕ್ಕಿಕೊಳ್ಳುವುದು ಎರಡನೆಯ ಬೀಗ. ಸೋಡಾದಂತೆ ಉಪ್ಪುನೀರಿನಲ್ಲಿ ಕರಗುವುದು ಮೂರನೆಯದು. ಸುಣ್ಣದಂತೆ ಕಲ್ಲಾಗುವುದು ನಾಲ್ಕನೆಯದು. ಮರಳುಗಲ್ಲಿನಲ್ಲಿ ಇದಕ್ಕೆ ಬಹು ದೀರ್ಘಕಾಲ ಬೇಕು.

ನೆರೆಮನೆಯ ಹೋಟೆಲು ಯಜಮಾನರು ದಕ್ಷಿಣ ಕನ್ನಡದವರು. ಅವರು ಎಲ್ಲವನ್ನೂ ಕೇಳಿ, "ಅದೆಲ್ಲ ಸರಿ ಮಾರಾಯ್ತಿ, ಸೋಡಾ ಬಾಟ್ಲಿಯ ಗೋಲಿ ಒಂದು ದಿನ ಒಳಗೆ ಜಾರಿದರೆ?" ಎಂದರು. ನಮ್ಮೆಲ್ಲರ ಮನಸ್ಸಿನಲ್ಲಿದ್ದ ಪ್ರಶ್ನೆ ಅದೇ. ಹುಡುಗಿ ನಗಲಿಲ್ಲ. "ಒತ್ತಡ ಹೆಚ್ಚಿರುವುದು ತುಂಬುತ್ತಿರುವಾಗ, ಅಂಕಲ್. ತುಂಬುವುದು ನಿಲ್ಲಿಸಿದ ಮೇಲೆ ಮೆಲ್ಲಗೆ ಇಳಿಯುತ್ತದೆ. ಅನಿಲ ಕರಗಿದ ಉಪ್ಪುನೀರು ಬೇರೆ ನೀರಿಗಿಂತ ತುಸು ಭಾರವಾಗಿ ಕೆಳಕ್ಕೆ ಇಳಿಯುತ್ತದೆ, ಮೇಲಕ್ಕೆ ಬರುವುದಿಲ್ಲ. ಜಾಗ ಸರಿಯಾಗಿ ಆರಿಸಿದರೆ ದಿನ ಕಳೆದಂತೆ ಅಪಾಯ ಕಡಿಮೆಯಾಗುತ್ತದೆ. ಹೆದರಬೇಕಾದದ್ದು ನಾವೇ ಕೊರೆದಿಟ್ಟ ಹಳೆಯ ಬಾವಿಗಳಿಗೆ. ಅವುಗಳಿಗೆ ಹಾಕಿದ ಸಿಮೆಂಟಿನ ಬಿರಡೆ ಸಡಿಲವಾದರೆ ಅದೇ ದಾರಿ."

ಮುಂಬಯಿಯ ಸಮುದ್ರದಡಿಯ ಪದರಗಳಿಗೆ ಭೂವಿಜ್ಞಾನಿಗಳಿಟ್ಟ ಹೆಸರುಗಳನ್ನು ಅವಳು ಹೇಳಿದಾಗ ನಮಗೆ ಸೋಜಿಗವಾಯಿತು. ಬಸೀನ್, ಎಂದರೆ ನಮ್ಮ ವಸಯಿ; ಬಾಂದ್ರಾ; ಆಲಿಬಾಗ್; ರತ್ನಾಗಿರಿ. ನಾವು ನಿತ್ಯ ಹಾದುಹೋಗುವ, ರಜೆಗೆ ಹೋಗುವ ಊರುಗಳೇ ಕಡಲಡಿಯಲ್ಲೂ ಕಲ್ಲಾಗಿ ಮಲಗಿವೆ! ಕೋಟ್ಯಂತರ ವರ್ಷ ಎಣ್ಣೆ ಮತ್ತು ಅನಿಲ ಅಲ್ಲಿಂದ ಹೊರಬೀಳದೆ ನಿಂತದ್ದೇ ಅಲ್ಲಿನ ಮುಚ್ಚಳ ಗಟ್ಟಿ ಎಂಬುದಕ್ಕೆ ಒಂದು ಸಾಕ್ಷಿ. ಅದೇ ಹೊತ್ತಿಗೆ, ಅರ್ಧ ಶತಮಾನದಿಂದ ಅಲ್ಲಿ ಬಾವಿ ಕೊರೆಯುತ್ತ ಬಂದಿದ್ದೇವೆ ಎಂಬುದೂ ನೆನಪಿರಬೇಕು.

ಇದು ಬರಿಯ ಕಲ್ಪನೆಯೇ ಎಂದರೆ ಅಲ್ಲ. ನಾರ್ವೆ ದೇಶ 1991ರಲ್ಲಿ ಇಂಗಾಲದ ಮೇಲೆ ತೆರಿಗೆ ಹಾಕಿತು. ಅಲ್ಲಿಯ ಉತ್ತರ ಸಮುದ್ರದ ಸ್ಲೈಪ್ನರ್ ಕ್ಷೇತ್ರದಿಂದ ಬರುವ ನೈಸರ್ಗಿಕ ಅನಿಲದಲ್ಲಿ ಇಂಗಾಲದ ಡೈಆಕ್ಸೈಡ್ ಬೆರೆತಿತ್ತು. ಬೇರ್ಪಡಿಸಿ ಗಾಳಿಗೆ ಬಿಟ್ಟರೆ ತೆರಿಗೆ ಬೀಳುತ್ತದೆಂದು 1996ರಲ್ಲಿ ಅದನ್ನು ಸಮುದ್ರತಳದ ಸುಮಾರು 800ರಿಂದ 1,000 ಮೀಟರು ಕೆಳಗಿನ ಉಟ್ಸಿರಾ ಎಂಬ ಮರಳುಗಲ್ಲಿಗೆ ಒತ್ತತೊಡಗಿದರು, ಆರಂಭದ ವರ್ಷಗಳಲ್ಲಿ ವರ್ಷಕ್ಕೆ ಸುಮಾರು 10 ಲಕ್ಷ ಟನ್. ಆಮೇಲೆ ಮತ್ತೆ ಮತ್ತೆ ಧ್ವನಿತರಂಗಗಳನ್ನು ಕಳಿಸಿ, ವೈದ್ಯರು ಹೊಟ್ಟೆಯ ಸೋನೋಗ್ರಫಿ ಮಾಡುವಂತೆ, ಹೂಳಿದ್ದು ಎಲ್ಲಿದೆ ಎಂದು ನೋಡುತ್ತ ಬಂದರು. ಮುಚ್ಚಳದ ಕೆಳಗೇ ಇದೆ ಎಂಬುದು ಆ ಚಿತ್ರಗಳಲ್ಲಿ ಕಂಡುಬಂತು. 2025ರ ಆಗಸ್ಟಿನಲ್ಲಿ ಅದೇ ದೇಶದಲ್ಲಿ, ಸಿಮೆಂಟ್ ಕಾರಖಾನೆಯಲ್ಲಿ ಹಿಡಿದ ಅನಿಲವನ್ನು ಹಡಗಿನಲ್ಲಿ ತಂದು ಸಮುದ್ರದಡಿಗೆ ಕಳಿಸುವ ಕೆಲಸವೂ ಆರಂಭವಾಯಿತು. ತೆರಿಗೆಯ ಬಿಸಿ ತಟ್ಟದೆ ಚಿಮಣಿಯ ಯಜಮಾನ ತಾನಾಗಿ ಏಳಲಿಲ್ಲ ಎಂಬುದು ಈ ಕಥೆಯಲ್ಲಿ ನಮಗೆ ಮುಖ್ಯವೆನಿಸಿದ ಅಂಶ.

ಭಾರತದಲ್ಲಿ ಎಷ್ಟು ಹಿಡಿಸೀತು? 2021ರಲ್ಲಿ ಪ್ರಕಟವಾದ, ಪವಾಯಿಯ ಸಂಶೋಧಕರೂ ಕೂಡಿ ಮಾಡಿದ ಅಂದಾಜಿನಂತೆ ಆಳದ ಉಪ್ಪುನೀರಿನ ಶಿಲೆಗಳಲ್ಲಿ 29,100 ಕೋಟಿ ಟನ್, ಕರಿಗಲ್ಲಿನಲ್ಲಿ 9,700ರಿಂದ 31,600 ಕೋಟಿ ಟನ್. ನಮ್ಮ ದೇಶ ವರ್ಷಕ್ಕೆ ಬಿಡುವುದು ಸುಮಾರು 300 ಕೋಟಿ ಟನ್. ಭಾಗಿಸಿ ನೋಡಿದವರಿಗೆ ನೂರಾರು ವರ್ಷಗಳ ಚಿಂತೆ ತೀರಿತೆಂದು ಅನ್ನಿಸಬಹುದು. ಆದರೆ ಇದು ಕಾಗದದ ಮೇಲಿನ ಸಾಮರ್ಥ್ಯ. ಕರಿಗಲ್ಲಿನ ಲೆಕ್ಕದಲ್ಲೇ ಮೇಲಿನ ಅಂಕಿ ಕೆಳಗಿನದರ ಮೂರು ಪಟ್ಟು ಇರುವುದನ್ನು ನೋಡಿ. ಊರಿನಲ್ಲಿ ಅಜ್ಜನ ಹೆಸರಿನ ಜಮೀನು ಇಷ್ಟು ಎಕರೆ ಎಂದು ಹೇಳುವುದು ಬೇರೆ, ಪಹಣಿ ಹಿಡಿದು ಅಳತೆ ಮಾಡಿಸಿ ಬೇಲಿ ಹಾಕುವುದು ಬೇರೆ. ಒಂದೊಂದು ಜಾಗವನ್ನೂ ಕೊರೆದು ನೋಡಿದ ಹೊರತು ಅದು ಉಗ್ರಾಣವಾಗುವುದಿಲ್ಲ.

ಇನ್ನು ಕರಿಗಲ್ಲಿನ ವಿಚಾರ. ಇದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಕಬ್ಬಿಣಗಳು ಧಾರಾಳವಾಗಿವೆ. ಇಂಗಾಲಾಮ್ಲ ಕರಗಿದ ನೀರು ಹುಳಿಯಾಗಿ ಕಲ್ಲನ್ನು ಮೆಲ್ಲಗೆ ಕೊರೆದು ಇವನ್ನು ಬಿಡಿಸಿಕೊಳ್ಳುತ್ತದೆ. ಬಿಡಿಸಿಕೊಂಡದ್ದರ ಜೊತೆ ಕೂಡಿ ಸುಣ್ಣಕಲ್ಲಿನ ಜಾತಿಯ ಹೊಸ ಕಲ್ಲಾಗುತ್ತದೆ. ದಖನ್ನಿನ ಕಲ್ಲುಗಣಿಗಳಲ್ಲಿ ಕರಿಗಲ್ಲನ್ನು ಒಡೆದಾಗ ಪೊಟರೆಗಳಲ್ಲಿ ಕಾಣುವ ಬಿಳಿಯ ಹರಳುಗಳಲ್ಲಿ ಕ್ಯಾಲ್ಸೈಟ್ ಎಂಬುದು ಇದೇ ವಸ್ತು. ಪ್ರಕೃತಿ ಸಾವಕಾಶವಾಗಿ ಮಾಡಿದ್ದನ್ನು ಐಸ್‌ಲೆಂಡಿನವರು ಅವಸರದಲ್ಲಿ ಮಾಡಿ ತೋರಿಸಿದರು. ಅಲ್ಲಿಯ 'ಕಾರ್ಬ್‌ಫಿಕ್ಸ್' ಯೋಜನೆಯವರು 2012ರಲ್ಲಿ ಅನಿಲವನ್ನು ನೀರಿನಲ್ಲಿ ಕರಗಿಸಿ ಕರಿಗಲ್ಲಿನ ಪದರಗಳಿಗೆ ಇಳಿಸಿದರು. ನೂರಾರು ವರ್ಷ ಬೇಕಾದೀತೆಂದು ತಿಳಿದಿದ್ದರೆ, ಎರಡೇ ವರ್ಷದೊಳಗೆ ನೂರಕ್ಕೆ 95 ಪಾಲಿಗೂ ಹೆಚ್ಚು ಕಲ್ಲಾಗಿತ್ತು ಎಂದು 2016ರಲ್ಲಿ ಪ್ರಕಟವಾಯಿತು. ಕಲ್ಲಾದ ಮೇಲೆ ಸೋರುವ ಭಯವಿಲ್ಲ.

ಕೇಳಿದಾಗ ನಮಗೂ ಉತ್ಸಾಹ ಬಂತು. ಅಷ್ಟರಲ್ಲಿ ಹುಡುಗಿ ಇನ್ನೊಂದು ಅಂಕಿ ಹೇಳಿದಳು: ಹೀಗೆ ಕರಗಿಸಿ ಇಳಿಸಲು ಒಂದು ಟನ್ ಅನಿಲಕ್ಕೆ ಸುಮಾರು 25 ಟನ್ ನೀರು ಬೇಕು. ವಿಜಾಪುರ ಕಡೆಯ ಗೆಳೆಯರೊಬ್ಬರು ಅಲ್ಲೇ ಕುಳಿತಿದ್ದರು. ಅವರು ಚಹದ ಬಶಿಯನ್ನು ಕೆಳಗಿಟ್ಟರು. "ಅಲ್ಲವಾ ತಂಗಿ, ಈ ಕರಿಕಲ್ಲು ನಮ್ಮ ಕಡೀನೂ ಐತಿ. ಬೇಸಿಗಿ ಬಂತಂದ್ರ ಒಂದು ಕೊಡ ನೀರಿಗೆ ನಮ್ಮ ಹೆಣ್ಮಕ್ಕಳು ಎಷ್ಟು ದೂರ ನಡೀತಾರ ಗೊತ್ತೈತೇನು? ಈ ಊರಿನ ಹೊಗಿ ಹೂಳಾಕ ಇಪ್ಪತ್ತೈದು ಪಾಲು ನೀರು ಯಾರ ಕೊಡ್ತಾರ?"

ಆ ಮಾತಿಗೆ ಕೋಣೆ ಒಂದು ಕ್ಷಣ ಸುಮ್ಮನಾಯಿತು. ಅವರು ಹೇಳಿದ್ದರಲ್ಲಿ ಉತ್ಪ್ರೇಕ್ಷೆಯಿಲ್ಲ. ಬೆಳಗಾವಿ, ವಿಜಾಪುರ, ಕಲಬುರ್ಗಿ, ಬೀದರ್ ಜಿಲ್ಲೆಗಳ ಬಹುಭಾಗದ ನೆಲ ಇದೇ ದಖನ್ ಕರಿಗಲ್ಲು. ಅಲ್ಲಿಯ ಬಾವಿಗಳಿಗೆ ನೀರು ಬರುವುದೂ ಅದೇ ಕಲ್ಲಿನ ಬಿರುಕುಗಳಿಂದ. ಪದರ ದಪ್ಪವಾಗಿರುವುದು ಸಹ್ಯಾದ್ರಿಯ ಕಡೆ; ಪೂರ್ವಕ್ಕೂ ದಕ್ಷಿಣಕ್ಕೂ ಹೋದಂತೆ ಅದು ತೆಳ್ಳಗಾಗುತ್ತದೆ. ಕೊಯ್ನಾದ ಬಳಿ ಕೊರೆದಾಗ ಒಂದೆಡೆ 933 ಮೀಟರಿಗೆ ಕರಿಗಲ್ಲು ಮುಗಿದು ಗ್ರಾನೈಟು ಜಾತಿಯ ಕಲ್ಲು ಸಿಕ್ಕಿತು. ಪೂರ್ವದ ಕಿಲ್ಲಾರಿಯಲ್ಲಿ 338 ಮೀಟರಿಗೇ ಕರಿಗಲ್ಲು ಮುಗಿಯಿತು. ತೆಳುವಾದೆಡೆ ಕುಡಿಯುವ ನೀರಿಗೂ ಹೂಳುವ ಜಾಗಕ್ಕೂ ನಡುವೆ ಅಂತರ ಕಡಿಮೆ. ನೀರಿನ ಬದಲು ಸಮುದ್ರದ ನೀರನ್ನೇ ಬಳಸುವ ಪ್ರಯೋಗಗಳೂ ಹೊರಗೆ ನಡೆದಿವೆ. ಹಾಗಾದರೆ ಕಡಲ ಹತ್ತಿರದ ಕರಿಗಲ್ಲಿಗೆ ಒಂದು ಲೆಕ್ಕ, ಒಳನಾಡಿನ ಕರಿಗಲ್ಲಿಗೆ ಇನ್ನೊಂದು ಲೆಕ್ಕ. ನಗರದಲ್ಲಿ ಕುಳಿತು ನಕ್ಷೆಯ ಮೇಲೆ ಒಂದೇ ಬಣ್ಣ ಬಳಿದರೆ ಸಾಲದು.

ಕೊಯ್ನಾದ ಹೆಸರು ಬಂದಮೇಲೆ ಇನ್ನೊಂದು ಮಾತು. 1967ರ ಡಿಸೆಂಬರ್ 11ರ ನಸುಕಿನಲ್ಲಿ ಅಲ್ಲಿ ಭೂಮಿ ನಡುಗಿದ್ದನ್ನು, ಮುಂಬಯಿಯ ಚಾಳುಗಳಲ್ಲೂ ಪಾತ್ರೆಗಳು ಉರುಳಿದ್ದನ್ನು ಹಿರಿಯರು ಹೇಳುತ್ತಾರೆ. ಅಣೆಕಟ್ಟಿನ ಜಲಾಶಯ ತುಂಬಿದ್ದರಿಂದ ಆಳದ ಬಿರುಕುಗಳಲ್ಲಿ ನೀರಿನ ಒತ್ತಡ ಬದಲಾದದ್ದೇ ಆ ಕಂಪನಕ್ಕೆ ಪ್ರಚೋದನೆಯಾಯಿತೆಂದು ಭೂಕಂಪ ಶಾಸ್ತ್ರಜ್ಞರು ವಿವರಿಸುತ್ತಾರೆ. ನೆಲದಾಳಕ್ಕೆ ದ್ರವವನ್ನು ಒತ್ತಿ ಕಳಿಸುವವರು ಈ ಪಾಠವನ್ನು ಮರೆಯುವಂತಿಲ್ಲ. ಆಲ್ಜೀರಿಯಾದ ಇನ್ ಸಾಲಾ ಎಂಬಲ್ಲಿ 2004ರಿಂದ ಅನಿಲ ಹೂಳುತ್ತಿದ್ದರು. ಮೇಲಿನ ನೆಲ ಮಿಲಿಮೀಟರುಗಳ ಲೆಕ್ಕದಲ್ಲಿ ಉಬ್ಬಿದ್ದನ್ನು ಉಪಗ್ರಹಗಳು ತೋರಿಸಿದವು. ಮುಚ್ಚಳದ ಭದ್ರತೆಯ ಬಗ್ಗೆ ಸಂಶಯ ಬಂದು 2011ರಲ್ಲಿ ನಿಲ್ಲಿಸಿದರು. ನೋಡುವ ಕಣ್ಣಿತ್ತು, ನಿಲ್ಲಿಸುವ ಬುದ್ಧಿಯೂ ಇತ್ತು ಎಂಬುದು ಸಮಾಧಾನ.

ಕಣ್ಣಿಲ್ಲದಿದ್ದರೆ? ಇಂಗಾಲದ ಡೈಆಕ್ಸೈಡ್ ಉರಿಯುವಂಥದ್ದಲ್ಲ. ಆದರೆ ಗಾಳಿಗಿಂತ ಭಾರ. ಒಮ್ಮೆಗೇ ಬಹಳ ಬಂದರೆ ತಗ್ಗಿನಲ್ಲಿ ನಿಂತು ಉಸಿರು ಕಟ್ಟಿಸುತ್ತದೆ. 1986ರ ಆಗಸ್ಟಿನಲ್ಲಿ ಆಫ್ರಿಕಾದ ಕ್ಯಾಮರೂನಿನ ನ್ಯೋಸ್ ಸರೋವರದ ತಳದಲ್ಲಿ ತಾನಾಗಿ ಶೇಖರವಾಗಿದ್ದ ಈ ಅನಿಲ ರಾತ್ರಿ ಉಕ್ಕಿ ಹರಿದು ಸುಮಾರು 1,700 ಜನ ಮಲಗಿದಲ್ಲೇ ಸತ್ತರು. ಅದು ಜ್ವಾಲಾಮುಖಿಯ ಕೆಲಸ, ಮನುಷ್ಯನದಲ್ಲ. ಆದರೆ 2020ರ ಫೆಬ್ರವರಿಯಲ್ಲಿ ಅಮೆರಿಕದ ಮಿಸಿಸಿಪಿ ರಾಜ್ಯದ ಸಟಾರ್ಷಿಯಾ ಎಂಬ ಹಳ್ಳಿಯ ಬಳಿ, ಮಳೆಯಿಂದ ಮಣ್ಣು ಜರಿದು ಈ ಅನಿಲ ಸಾಗಿಸುವ ಪೈಪ್‌ಲೈನ್ ಒಡೆದಾಗ 45 ಜನ ಆಸ್ಪತ್ರೆ ಸೇರಿದರು. ಉಸಿರಿಗೆ ಗಾಳಿ ಸಿಗದೆ ಕಾರುಗಳ ಎಂಜಿನ್ನುಗಳೇ ನಿಂತವು. ಅಲ್ಲಿ ಯಾರೂ ಸಾಯಲಿಲ್ಲ. ಹೂಳಿದ ಜಾಗಕ್ಕಿಂತ ಸಾಗಿಸುವ ದಾರಿಯೇ ಜನವಸತಿಗೆ ಹತ್ತಿರ ಎಂಬುದನ್ನು ಆ ಘಟನೆ ಕಲಿಸಿತು. ಮಳೆಗಾಲದಲ್ಲಿ ಗುಡ್ಡ ಜರಿಯುವ ನಮ್ಮ ಕಡೆ, ಚಾಳು-ಝೋಪಡಿಗಳ ನಡುವೆ ಪೈಪು ಹಾಯಬೇಕಾದ ನಮ್ಮ ನಗರದಲ್ಲಿ, ಇದು ದೂರದ ಸುದ್ದಿಯಲ್ಲ.

ನಮ್ಮ ಹಳ್ಳಿಗಳಲ್ಲಿ ನಿಧಿಯ ಕಥೆ ಕೇಳದ ಮಕ್ಕಳಿಲ್ಲ. ಹಿಂದಿನವರು ಹೊನ್ನಿನ ಕೊಪ್ಪರಿಗೆಯನ್ನು ಹೂಳಿಟ್ಟು ಅದಕ್ಕೆ ಸರ್ಪಗಾವಲು ಹಾಕಿದ್ದರಂತೆ. ನಾವು ಹೂಳಲು ಹೊರಟಿರುವುದು ಹೊನ್ನಲ್ಲ, ಯಾರಿಗೂ ಬೇಡವಾದದ್ದು. ಹೊನ್ನಿಗೆ ಕಾವಲು, ಬೇರೆಯವರು ತೆಗೆಯದಿರಲೆಂದು. ಇದಕ್ಕೆ ಕಾವಲು, ತಾನಾಗಿ ಏಳದಿರಲೆಂದು. ಸರ್ಪಕ್ಕೆ ಸಂಬಳವಿಲ್ಲ, ನಿವೃತ್ತಿಯಿಲ್ಲ. ಕಂಪನಿಗೆ ಎರಡೂ ಉಂಟು, ದಿವಾಳಿಯೂ ಉಂಟು. ಯುರೋಪಿನವರು 2009ರ ತಮ್ಮ ಕಾನೂನಿನಲ್ಲಿ ಇದಕ್ಕೊಂದು ದಾರಿ ಕಂಡುಕೊಂಡರು. ಹೂಳುವುದು ಮುಗಿದ ಮೇಲೂ ಸಾಮಾನ್ಯವಾಗಿ ಕಡಿಮೆಯೆಂದರೆ 20 ವರ್ಷ ಹೊಣೆ ಹೂಳಿದವನದೇ. ಎಲ್ಲವೂ ಸ್ಥಿರವಾಗಿದೆಯೆಂದು ತೋರಿದ ನಂತರವೇ ಅದು ಸರ್ಕಾರಕ್ಕೆ ದಾಟುತ್ತದೆ. ಊರಿನ ಮನೆಗೆ ಬೀಗ ಹಾಕಿ ಬಂದ ನಮಗೆ ಕಾವಲಿನ ಬೆಲೆ ಗೊತ್ತು. ಬೀಗ ಎಷ್ಟೇ ಗಟ್ಟಿಯಾಗಿರಲಿ, ಮಳೆಗಾಲದಲ್ಲಿ ಒಮ್ಮೆ ಹೋಗಿ ಹಂಚು ನೋಡಿಬರುವ ನೆರೆಯವನೊಬ್ಬ ಬೇಕು.

ಹಾಗಾದರೆ ಈ ವಿದ್ಯೆ ಬೇಡವೇ? ನಾವು ಹಾಗೆ ಹೇಳುವುದಿಲ್ಲ. ಸಿಮೆಂಟ್ ಮಾಡಬೇಕಾದರೆ ಸುಣ್ಣಕಲ್ಲನ್ನು ಸುಡಲೇಬೇಕು. ಸೂರ್ಯನ ಬೆಳಕಿನಿಂದ ಸುಟ್ಟರೂ ಕಲ್ಲಿನೊಳಗಿನ ಇಂಗಾಲಾಮ್ಲ ಹೊರಗೆ ಬಂದೇ ಬರುತ್ತದೆ. ಅಂಥ ಕಡೆ ಹೂಳುವುದರ ಹೊರತು ಹೆಚ್ಚಿನ ದಾರಿಗಳಿಲ್ಲ. ಹಿಡಿದ ಅನಿಲವನ್ನು ಬಳಸಿಕೊಳ್ಳುವುದೂ ಒಳ್ಳೆಯದೇ. ಆದರೆ ಸೋಡಾ ಮಾಡಿದರೆ ಮುಚ್ಚಳ ತೆರೆದೊಡನೆ, ಯೂರಿಯಾ ಮಾಡಿದರೆ ಗದ್ದೆಗೆ ಹಾಕಿದೊಡನೆ ಅದು ಮತ್ತೆ ಗಾಳಿಗೇ ಸೇರುತ್ತದೆ. ದೀರ್ಘಕಾಲ ಗಾಳಿಯಿಂದ ದೂರವಿಡುವುದು ಕಲ್ಲಿಗೇ ಸಾಧ್ಯ.

ಬೇಡವಾದದ್ದು ಈ ವಿದ್ಯೆಯ ಹೆಸರಿನಲ್ಲಿ ಬರಬಹುದಾದ ಸೋಮಾರಿತನ. ಜಗತ್ತಿನ ಎಲ್ಲ ಸ್ಥಾವರಗಳೂ ಸೇರಿ ವರ್ಷಕ್ಕೆ ಹಿಡಿಯಬಲ್ಲದ್ದು ಸುಮಾರು 5 ಕೋಟಿ ಟನ್. ಜಗತ್ತು ಕಲ್ಲಿದ್ದಲು, ಎಣ್ಣೆ, ಅನಿಲಗಳಿಂದ ಬಿಡುವುದು ಸುಮಾರು 3,700 ಕೋಟಿ ಟನ್. ಏಳುನೂರು ರೂಪಾಯಿ ಸಾಲದಲ್ಲಿ ಒಂದು ರೂಪಾಯಿ ತೀರಿಸಿದಂತೆ. ಹಿಡಿಯುವುದಕ್ಕೂ ಶಕ್ತಿ ಬೇಕು. ಚಿಮಣಿಯ ಅನಿಲವನ್ನು ಒಂದು ರಾಸಾಯನಿಕ ದ್ರವದಲ್ಲಿ ಹೀರಿಸಿ, ಆ ದ್ರವವನ್ನು ಕಾಯಿಸಿ ಬಿಡಿಸಿಕೊಳ್ಳಬೇಕು. ವಿದ್ಯುತ್ ಸ್ಥಾವರವಾದರೆ ತಾನು ಹುಟ್ಟಿಸಿದ ಶಕ್ತಿಯಲ್ಲಿ ದೊಡ್ಡ ಪಾಲನ್ನು ಇದಕ್ಕೇ ತೆರುತ್ತದೆ. ನಮ್ಮ ದೇಶ 2070ರೊಳಗೆ ನಿವ್ವಳ ಹೊರಸೂಸುವಿಕೆಯನ್ನು ಶೂನ್ಯಕ್ಕೆ ತರುವುದಾಗಿ 2021ರಲ್ಲಿ ಗ್ಲಾಸ್ಗೋದಲ್ಲಿ ಮಾತು ಕೊಟ್ಟಿದೆ. ಆ ದಾರಿಯಲ್ಲಿ ಉರಿಸುವುದನ್ನು ಕಡಿಮೆ ಮಾಡುವುದೇ ಮೊದಲ ಹೆಜ್ಜೆ, ಉಳಿದದ್ದನ್ನು ಹೂಳುವುದು ಕೊನೆಯ ಹೆಜ್ಜೆ. ಮಾಹುಲ-ಚೆಂಬೂರಿನ ನಮ್ಮಂಥವರು ಇನ್ನೊಂದನ್ನೂ ತಿಳಿದಿರಬೇಕು. ಕಣ್ಣು ಉರಿಸುವ, ಕೆಮ್ಮು ತರಿಸುವ ಹೊಗೆ ಬೇರೆ, ಈ ಬಣ್ಣವಿಲ್ಲದ ಅನಿಲ ಬೇರೆ. ಇದನ್ನು ಹೂಳಿದರೆಂದು ಅದು ತಾನಾಗಿ ನಿಲ್ಲುವುದಿಲ್ಲ. ಅದಕ್ಕೆ ಬೇರೆಯೇ ಕಟ್ಟುನಿಟ್ಟು ಬೇಕು.

ಮುಂದೆ ಯಾವುದಾದರೂ ಯೋಜನೆ ಬಂದಾಗ ನಾವು ಕೇಳಬೇಕಾದ ಪ್ರಶ್ನೆಗಳು ನಾಲ್ಕೇ. ಹೂಳುವ ಮೊದಲು ಉರಿಸುವುದನ್ನು ಎಷ್ಟು ಕಡಿಮೆ ಮಾಡಿದಿರಿ? ಯಾರ ನೆಲದ, ಯಾರ ಬಾವಿಯ, ಯಾವ ಮೀನುಗಾರರ ಕಡಲಿನ ಕೆಳಗೆ ಹೂಳುತ್ತೀರಿ, ಮತ್ತು ಅವರನ್ನು ಅವರ ಭಾಷೆಯಲ್ಲಿ ಕೇಳಿದಿರಾ? ನೀರು ಎಲ್ಲಿಂದ ತರುತ್ತೀರಿ? ಕಾವಲಿಗೆ ಯಾರನ್ನು ಇಡುತ್ತೀರಿ, ಅವರ ಸಂಬಳಕ್ಕೆ ಹಣ ಮೊದಲೇ ತೆಗೆದಿಟ್ಟಿದ್ದೀರಾ? ಎರಡನೆಯ ಪ್ರಶ್ನೆಯಲ್ಲಿ ನಮಗೆ ವಿಶೇಷ ಹೊಣೆಯಿದೆ. ಮುಂಬಯಿಯಲ್ಲಿ ಲೆಕ್ಕ ಹಾಕಿ ವಿಜಾಪುರದ ಕಲ್ಲಿಗೆ ಕೈಹಾಕುವ ದಿನ ಬಂದರೆ, ಎರಡೂ ಕಡೆಯ ಮಾತು ಬಲ್ಲವರು ನಾವು. ಇಂಗ್ಲಿಷಿನ ದಪ್ಪ ವರದಿಯಲ್ಲಿರುವುದನ್ನು ಊರಿನ ಕಟ್ಟೆಯ ಮೇಲೆ ಕುಳಿತವರಿಗೆ ತಿಳಿಯುವಂತೆ ಹೇಳುವ ಕೆಲಸಕ್ಕೆ ನಮಗಿಂತ ತಕ್ಕವರು ಯಾರು?

ಹಬ್ಬ, ನಾಟಕ, ಯಕ್ಷಗಾನಗಳ ನಡುವೆ ನಮ್ಮ ಸಂಘಗಳು ವರ್ಷಕ್ಕೊಂದು ಸಂಜೆಯನ್ನು ಇಂಥ ವಿಷಯಕ್ಕೆ ಮೀಸಲಿಡಬಾರದೇಕೆ? ಪವಾಯಿಯಲ್ಲಿ ಓದುವ, ಕಲಿಸುವ ಕನ್ನಡದ ಹುಡುಗ ಹುಡುಗಿಯರು ಬೇಕಾದಷ್ಟು ಮಂದಿ ಇರುತ್ತಾರೆ. ಅವರನ್ನು ಕರೆದು, ಕನ್ನಡದಲ್ಲೇ ಹೇಳಿಸೋಣ. ಹೋಟೆಲಿನವರು ಗೋಲಿಯ ಪ್ರಶ್ನೆ ಕೇಳಲಿ, ವಿಜಾಪುರದವರು ನೀರಿನ ಪ್ರಶ್ನೆ ಕೇಳಲಿ. ನಮ್ಮ ಅಕ್ಕನ ಮಗಳು ಬರಲು ಒಪ್ಪಿದ್ದಾಳೆ.